ನೋವಿಲ್ಲದ ಉಬ್ಬಿಗೆ ಎದೆ ತೆರೆಯಬೇಕೇ?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಕಾರ್ಕಳದ ಕಡೆಯವರು. ಮುಂಬಯಿಯ ಫೋರ್ಟಿನಲ್ಲಿ ಹೋಟೆಲೊಂದರ ಅಡುಗೆಮನೆಯಲ್ಲಿ 38 ವರ್ಷ ದುಡಿದು ಈಗ ಡೊಂಬಿವಿಲಿಯಲ್ಲಿ ನಮ್ಮ ಜೊತೆಗಿದ್ದಾರೆ. ಬಿ.ಪಿ. ಇದೆ, ಬೀಡಿ ಬಿಟ್ಟು ಎರಡು ವರ್ಷವಾಯಿತು. ಕೆಮ್ಮಿಗೆಂದು ತೆಗೆಸಿದ ಎಕ್ಸ್-ರೇಯಲ್ಲಿ ಏನೋ ಅಗಲವಾಗಿ ಕಂಡಿತು ಎಂದು ಸಿ.ಟಿ. ಮಾಡಿಸಿದೆವು. ಹೃದಯದಿಂದ ಮೇಲಕ್ಕೇರುವ ಮಹಾಪಧಮನಿ 5.7 ಸೆಂ.ಮೀ. ಆಗಿದೆಯಂತೆ, ಕವಾಟವೂ ಸ್ವಲ್ಪ ಸೋರುತ್ತಿದೆಯಂತೆ. ಆ ಭಾಗವನ್ನು ಕತ್ತರಿಸಿ ಬಟ್ಟೆಯ ಕೊಳವೆ ಹೊಲಿಯಬೇಕು ಎನ್ನುತ್ತಾರೆ ಶಸ್ತ್ರಚಿಕಿತ್ಸಕರು. ತಂದೆಗೆ ನೋವಿಲ್ಲ, ಸುಸ್ತಿಲ್ಲ. "ಎದೆಯೊಳಗೆ ಬಟ್ಟೆ ಇಡಿಸಿಕೊಂಡು ಬದುಕಲಾರೆ" ಎಂದು ಹಟ ಹಿಡಿದಿದ್ದಾರೆ. ಫೆಬ್ರವರಿಯಲ್ಲಿ ಊರಿನಲ್ಲಿ ಕುಟುಂಬದ ದೈವದ ಕೋಲವಿದೆ, ಅದು ಮುಗಿಯಲಿ ಎನ್ನುವುದು ಅವರ ವಾದ. ಕಾಲಿನಿಂದ ಸ್ಟೆಂಟ್ ಹಾಕಿದರೆ ಸಾಕಲ್ಲವೇ ಎಂದು ಭಾವ ಕೇಳುತ್ತಾರೆ. ಈ ಬಟ್ಟೆಯ ಕೊಳವೆ ಎಷ್ಟು ವರ್ಷ ಬಾಳುತ್ತದೆ? ಖರ್ಚಿಗೆ ದಾರಿಯೇನು? ಇದಕ್ಕಾಗಿ ಊರಿನ ಕಡೆಯ ಆಸ್ಪತ್ರೆಗೆ ಹೋಗಬೇಕೇ?

ಉತ್ತರ: ಮೊದಲು ನಿರ್ಧಾರದ ಮಾತು ಹೇಳಿಬಿಡುತ್ತೇನೆ, ವಿವರ ಆಮೇಲೆ. ನೀವು ಬರೆದ ಅಳತೆ ಸರಿಯಾಗಿದ್ದರೆ ಶಸ್ತ್ರಚಿಕಿತ್ಸೆ ಮಾಡಿಸಿ. ನವೆಂಬರ್ ಮುಗಿಯುವುದರೊಳಗೆ ಮಾಡಿಸಿ. ಕೋಲ ಮುಗಿಯುವವರೆಗೆ ಕಾಯಬೇಡಿ. ಕೋಲಕ್ಕೆ ಅವರು ಹೋಗಬೇಕೆಂದಿದ್ದರೆ ಅದಕ್ಕೂ ಇದೇ ದಾರಿ. ಅದು ಹೇಗೆ ಎನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ತಂದೆಯವರ ವಾದ ನನಗೆ ಹೊಸದಲ್ಲ. ಎದೆನೋವು ಬಂದವರು ಬೈಪಾಸ್‌ಗೆ ಬೇಗ ಒಪ್ಪುತ್ತಾರೆ, ಏಕೆಂದರೆ ನೋವು ನಮ್ಮ ಪರವಾಗಿ ವಾದ ಮಾಡಿರುತ್ತದೆ. ಮಹಾಪಧಮನಿಯ ಉಬ್ಬು ಹಾಗಲ್ಲ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಹಿಗ್ಗುತ್ತದೆ. ಮೇಲ್ಭಾಗದ ಉಬ್ಬು ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿ.ಮೀ. ಆಸುಪಾಸಿನಲ್ಲಿ ಬೆಳೆಯುತ್ತದೆ, ಇದನ್ನು ಯಾರ ದೇಹ ತಾನೇ ಗುರುತಿಸೀತು? ಬಹಳ ಮಂದಿಗೆ ಮೊದಲ ಲಕ್ಷಣವೇ ಗೋಡೆ ಸೀಳುವ ಗಳಿಗೆ. ನಿಮ್ಮ ತಂದೆಯವರ ಕೆಮ್ಮಿಗೂ ಈ ಉಬ್ಬಿಗೂ ಸಂಬಂಧ ಇಲ್ಲದೆಯೂ ಇರಬಹುದು. ಆದರೆ ಆ ಕೆಮ್ಮು ನಿಮ್ಮ ಮನೆಗೆ ದೊಡ್ಡ ಉಪಕಾರ ಮಾಡಿದೆ.

ಈ ವಯಸ್ಸಿನವರಲ್ಲಿ ಆ ಜಾಗದ ಮಹಾಪಧಮನಿ ಸುಮಾರು 3ರಿಂದ 3.5 ಸೆಂ.ಮೀ. ಅಗಲವಿರುತ್ತದೆ. ಗೋಡೆಯ ದಪ್ಪ ಹೆಚ್ಚೆಂದರೆ ಎರಡು ಮಿ.ಮೀ. ಅದರ ಮೂಲಕ ನಿಮಿಷಕ್ಕೆ ಐದು ಲೀಟರ್ ರಕ್ತ ಚಿಮ್ಮುತ್ತದೆ, ದಿನಕ್ಕೆ ಒಂದು ಲಕ್ಷ ಬಡಿತ. ಸೈಕಲ್ ಟ್ಯೂಬಿಗೆ ಗಾಳಿ ತುಂಬುವಾಗ ಒಂದು ಕಡೆ ಮಾತ್ರ ಮೊಟ್ಟೆಯಂತೆ ಉಬ್ಬುವುದನ್ನು ನೋಡಿದ್ದೀರಲ್ಲ? ಉಬ್ಬಿದ ಕಡೆ ರಬ್ಬರು ತೆಳುವಾಗುತ್ತದೆ, ತೆಳುವಾದದ್ದರಿಂದ ಇನ್ನಷ್ಟು ಉಬ್ಬುತ್ತದೆ. ಒಳಗಿನ ಒತ್ತಡ ಅಷ್ಟೇ ಇದ್ದರೂ ಅಗಲ ಹೆಚ್ಚಿದಂತೆ ಗೋಡೆಯ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ. ಇದು ಭೌತಶಾಸ್ತ್ರದ ನಿಯಮ, ಮಾತ್ರೆಯಿಂದ ಬದಲಾಗುವುದಿಲ್ಲ. ಬಿ.ಪಿ. ಮಾತ್ರೆ ಒಳಗಿನ ಒತ್ತಡವನ್ನು ತಗ್ಗಿಸಿ ಬೆಳವಣಿಗೆಯನ್ನು ನಿಧಾನ ಮಾಡೀತು, ಉಬ್ಬಿದ್ದನ್ನು ಕುಗ್ಗಿಸದು.

ಶಸ್ತ್ರಚಿಕಿತ್ಸೆಗೆ 5.5 ಸೆಂ.ಮೀ. ಎಂಬ ಗೆರೆ ಬಹಳ ಕಾಲದಿಂದ ಇದೆ. 2022ರ ಅಮೆರಿಕದ ಮಾರ್ಗಸೂಚಿ, ಅನುಭವಿ ತಂಡವಿದ್ದರೆ ಆಯ್ದ ರೋಗಿಗಳಲ್ಲಿ 5 ಸೆಂ.ಮೀ.ಗೇ ಮಾಡುವುದು ಯೋಗ್ಯ ಎನ್ನುತ್ತದೆ. ಮಾರ್ಫಾನ್‌ನಂತಹ ಹುಟ್ಟುದೋಷ ಇದ್ದವರಿಗೆ ಗೆರೆ ಇನ್ನೂ ಕೆಳಗೆ. ಇನ್ನೊಂದು ಲೆಕ್ಕವೂ ಇದೆ, ನಮ್ಮವರಿಗೆ ಅದು ಮುಖ್ಯ. ಆರಡಿ ಆಳಿನ 5.5 ಸೆಂ.ಮೀ. ಬೇರೆ, ಐದಡಿ ಹೆಂಗಸಿನ 5.5 ಬೇರೆ. ಅದಕ್ಕೆ ನಾಳದ ಅಡ್ಡಕೊಯ್ತದ ವಿಸ್ತೀರ್ಣವನ್ನು ಮನುಷ್ಯನ ಎತ್ತರದಿಂದ ಭಾಗಿಸುತ್ತೇವೆ. ಚದರ ಸೆಂಟಿಮೀಟರನ್ನು ಮೀಟರಿನಿಂದ ಭಾಗಿಸಿದಾಗ 10 ದಾಟಿದರೆ ಎಚ್ಚರಿಕೆಯ ಗಂಟೆ. 5.7 ಸೆಂ.ಮೀ. ಅಗಲದ ನಾಳದ ವಿಸ್ತೀರ್ಣ ಸುಮಾರು 25.5 ಚದರ ಸೆಂ.ಮೀ. ನಿಮ್ಮ ತಂದೆಯವರು 1.6 ಮೀಟರ್ ಎತ್ತರ ಎಂದುಕೊಂಡರೆ ಭಾಗಲಬ್ಧ 16ರ ಹತ್ತಿರ. ಅಂದರೆ ಅವರು ಗೆರೆಯ ಹತ್ತಿರ ನಿಂತಿಲ್ಲ, ಗೆರೆ ದಾಟಿ ಬಹಳ ದೂರ ಬಂದಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ. ಅಳತೆಯನ್ನು ನಾಳಕ್ಕೆ ನೇರ ಅಡ್ಡಲಾಗಿ ತೆಗೆದಿರಬೇಕು. ಓರೆಯಾಗಿ ಕತ್ತರಿಸಿದ ಸೌತೆಕಾಯಿಯ ಬಿಲ್ಲೆ ನಿಜಕ್ಕಿಂತ ಉದ್ದ ಕಾಣುವ ಹಾಗೆ, ಓರೆಯಾಗಿ ಅಳೆದ ಮಹಾಪಧಮನಿಯೂ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ವರದಿಯ ಹಾಳೆಯೊಂದನ್ನೇ ಹಿಡಿದು ಓಡಾಡಬೇಡಿ, ಸಿ.ಟಿ.ಯ ಸಿ.ಡಿ.ಯನ್ನೂ ಜೊತೆಗೆ ಒಯ್ಯಿರಿ. ಶಸ್ತ್ರಚಿಕಿತ್ಸಕರು ಪರದೆಯ ಮೇಲೆ ತಾವೇ ಅಳೆದು ನೋಡಲಿ.

ಕಾದರೆ ಏನಾಗುತ್ತದೆ? ಎರಡರಲ್ಲಿ ಒಂದು ಆಗಬಹುದು. ನಾಳ ಒಡೆಯಬಹುದು, ಅಥವಾ ಒಳಪದರದಲ್ಲಿ ಬಿರುಕು ಬಿಟ್ಟು ರಕ್ತ ಗೋಡೆಯ ಪದರಗಳ ನಡುವೆ ನುಗ್ಗಿ ನಾಳವನ್ನು ಉದ್ದಕ್ಕೂ ಸೀಳಿಕೊಂಡು ಹೋಗಬಹುದು. ಇದನ್ನು ಡಿಸೆಕ್ಷನ್ ಎನ್ನುತ್ತೇವೆ. ಹೃದಯದ ಪಕ್ಕದ ಭಾಗದಲ್ಲಿ ಇದು ಆದರೆ, ಚಿಕಿತ್ಸೆ ಇಲ್ಲದಿದ್ದಲ್ಲಿ ಮೊದಲ ಎರಡು ದಿನ ಗಂಟೆಗೆ ನೂರರಲ್ಲಿ ಒಬ್ಬರಿಬ್ಬರಂತೆ ಸಾಯುತ್ತಾರೆ ಎನ್ನುವುದು ನಾವು ವಿದ್ಯಾರ್ಥಿಗಳಾಗಿದ್ದಾಗಲೇ ಬಾಯಿಪಾಠ ಮಾಡಿದ ಲೆಕ್ಕ. ತುರ್ತಾಗಿ ಶಸ್ತ್ರಚಿಕಿತ್ಸೆ ಮಾಡಿದರೂ ಒಳ್ಳೆಯ ಕೇಂದ್ರಗಳಲ್ಲೇ ನೂರಕ್ಕೆ 15–20 ಮಂದಿಯನ್ನು ಕಳೆದುಕೊಳ್ಳುತ್ತೇವೆ. ಅದೇ ಶಸ್ತ್ರಚಿಕಿತ್ಸೆಯನ್ನು ದಿನ ಗೊತ್ತು ಮಾಡಿ, ಸಿದ್ಧತೆ ಮಾಡಿಕೊಂಡು ನಡೆಸಿದರೆ ಅನುಭವಿ ಕೈಗಳಲ್ಲಿ ಈ ಅಪಾಯ ನೂರಕ್ಕೆ 2ರಿಂದ 5. ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುಕಡಿಮೆ ಅಷ್ಟೇ. ಈ ಸಂಖ್ಯೆಗಳು ಸಣ್ಣವಲ್ಲ, ನಿಮ್ಮಿಂದ ಅವುಗಳನ್ನು ಮುಚ್ಚಿಡುವುದಿಲ್ಲ. ಆದರೆ ಅವುಗಳ ಪಕ್ಕದಲ್ಲಿ ಇಡಬೇಕಾದದ್ದು "ಏನೂ ಮಾಡದಿದ್ದರೆ ಏನೂ ಆಗದು" ಎಂಬ ಸೊನ್ನೆಯನ್ನಲ್ಲ.

ಹಲವು ವರ್ಷಗಳ ಹಿಂದಿನ ಒಂದು ಸಂಗತಿ ನನ್ನನ್ನು ಈಗಲೂ ಬಿಟ್ಟಿಲ್ಲ. ಮೀರಾ ರೋಡಿನ ಒಬ್ಬರು, 5.9 ಸೆಂ.ಮೀ. ಮಗಳ ಮದುವೆ ಮುಗಿಸಿ ಬರುತ್ತೇನೆ ಎಂದರು. ಮೂರು ತಿಂಗಳು ತಾನೇ ಎಂದು ನಾನೂ ಒಪ್ಪಿಕೊಂಡೆ. ಮದುವೆಗೆ ಒಂಬತ್ತು ದಿನ ಇರುವಾಗ ರಾತ್ರಿ ಎರಡು ಗಂಟೆಗೆ ಬೆನ್ನಿನ ನಡುವೆ ಸೀಳಿದಂತಹ ನೋವು ಬಂತು. ಹತ್ತಿರದ ದವಾಖಾನೆಯಲ್ಲಿ ಗ್ಯಾಸ್ ಎಂದು ಚುಚ್ಚುಮದ್ದು ಕೊಟ್ಟು ಕಳಿಸಿದರು. ಬೆಳಗ್ಗೆ ನಮ್ಮಲ್ಲಿಗೆ ತರುವಾಗ ಹೃದಯದ ಸುತ್ತ ರಕ್ತ ಕಟ್ಟಿತ್ತು, ಉಳಿಸಿಕೊಳ್ಳಲಾಗಲಿಲ್ಲ. ಅಂದು ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಅದಕ್ಕೇ ಇಂದು ನಿಮಗೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಇನ್ನು ಬಟ್ಟೆಯ ಮಾತು. ತಂದೆಯವರ ಅಂಜಿಕೆ ಇರುವುದು ಇಲ್ಲೇ ಎಂದು ತೋರುತ್ತದೆ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಈ ಕೊಳವೆಯನ್ನು ನೇಯುವುದು ಡೆಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನಿಂದ. ಬಿಳಿ ಬಣ್ಣ, ಮೈತುಂಬಾ ಸಣ್ಣ ಸಣ್ಣ ನಿರಿಗೆ, ಬಗ್ಗಿಸಿದರೆ ಮಡಿಕೆ ಬೀಳದೆ ಬಳುಕುತ್ತದೆ. ಒಮ್ಮೆ ರಬಕವಿ ಕಡೆಯ ನೇಕಾರ ಮನೆತನದ ಹಿರಿಯರೊಬ್ಬರು ಇಂಥದೇ ಉಬ್ಬಿನಿಂದ ಬಂದಿದ್ದರು. ಪರೇಲಿನ ಗಿರಣಿಯೊಂದರ ಮಗ್ಗದ ವಿಭಾಗದಲ್ಲಿದ್ದು, 1982ರ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರು. ಅವರೂ ನಿಮ್ಮ ತಂದೆಯವರಂತೆಯೇ ತಲೆಯಾಡಿಸಿದ್ದರು. ಆ ದಿನ ನನ್ನ ಮೇಜಿನ ಖಾನೆಯಲ್ಲಿ ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ಉಳಿದಿದ್ದ ಎರಡಂಗುಲದ ತುಣುಕೊಂದಿತ್ತು. ಅದನ್ನು ಅವರ ಕೈಗಿತ್ತೆ. ಅವರು ಕನ್ನಡಕ ಹಣೆಗೇರಿಸಿ, ತುಣುಕನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳಿನ ಉಗುರಿನಿಂದ ಅಂಚಿನ ಒಂದು ಎಳೆಯನ್ನು ಬಿಡಿಸಲು ನೋಡಿದರು, ಬರಲಿಲ್ಲ. "ಡಾಕ್ಟರೇ, ಇದು ಹೆಣೆದದ್ದಲ್ಲ, ನೇಯ್ದದ್ದು. ಹಾಸೂ ಹೊಕ್ಕೂ ಎರಡೂ ಒತ್ತಾಗಿವೆ" ಎಂದರು. ಆಮೇಲೆ ತುಸು ಹೊತ್ತು ಉಜ್ಜಿ ನೋಡಿ, "ಗಂಜಿ ಹಾಕಿದ್ದಾರೆಯೇ?" ಎಂದು ಕೇಳಿದರು.

ಆ ಎರಡು ಮಾತಿನಲ್ಲಿ ಅವರು ಈ ಕೊಳವೆಯ ಶಾಸ್ತ್ರವನ್ನೇ ಹೇಳಿಬಿಟ್ಟಿದ್ದರು. ಹೆಣೆದ ಕೊಳವೆ ಮೆತ್ತಗಿರುತ್ತದೆ, ಹೊಲಿಯಲು ಸುಲಭ, ಆದರೆ ಅದರ ಕಣ್ಣುಗಳು ದೊಡ್ಡವು, ಕಾಲ ಕಳೆದಂತೆ ಹಿಗ್ಗುವುದೂ ಹೆಚ್ಚು. ಎದೆಯ ಮಹಾಪಧಮನಿಯ ಒತ್ತಡಕ್ಕೆ, ಅದರಲ್ಲೂ ರಕ್ತ ಹೆಪ್ಪುಗಟ್ಟದ ಹಾಗೆ ಔಷಧ ಕೊಟ್ಟಿರುವ ಹೊತ್ತಿಗೆ, ಒತ್ತಾಗಿ ನೇಯ್ದದ್ದೇ ಬೇಕು. ಅಷ್ಟು ನೇಯ್ದರೂ ಎಳೆಗಳ ನಡುವೆ ರಕ್ತ ಒಸರುತ್ತದೆ. ಹಿಂದಿನ ತಲೆಮಾರಿನ ಶಸ್ತ್ರಚಿಕಿತ್ಸಕರು ಕೊಳವೆಯನ್ನು ರೋಗಿಯದೇ ರಕ್ತದಲ್ಲಿ ಅದ್ದಿ, ಹೆಪ್ಪುಗಟ್ಟಿಸಿ, ಆಮೇಲೆ ಹೊಲಿಯುತ್ತಿದ್ದರು. ಈಗ ಕಾರ್ಖಾನೆಯಲ್ಲೇ ಜೆಲಟಿನ್ ಅಥವಾ ಕೊಲಾಜೆನ್ ಲೇಪಿಸಿ ಕಳಿಸುತ್ತಾರೆ. ಅದೇ ಆ ಹಿರಿಯರು ಕೇಳಿದ ಗಂಜಿ. ಕೆಲವು ವಾರಗಳಲ್ಲಿ ದೇಹ ಆ ಲೇಪವನ್ನು ಕರಗಿಸಿಕೊಳ್ಳುತ್ತದೆ, ಅಷ್ಟರಲ್ಲಿ ಎಳೆಗಳ ಸಂದುಗಳಲ್ಲಿ ದೇಹದ್ದೇ ಅಂಗಾಂಶ ಕೂತು, ಒಳಮೈಗೆ ತೆಳುವಾದ ಪದರವೊಂದು ಹರಡಿಕೊಳ್ಳುತ್ತದೆ. ಇದು ಇನ್ನೊಬ್ಬರ ಅಂಗವಲ್ಲ. ಆದ್ದರಿಂದ ಕಿಡ್ನಿ ಕಸಿಯಲ್ಲಿ ಆಗುವ ಹಾಗೆ ದೇಹ ತಿರಸ್ಕರಿಸುವ ಪ್ರಶ್ನೆಯೂ ಇಲ್ಲ, ಅದಕ್ಕೆಂದು ಜೀವನಪೂರ್ತಿ ಮಾತ್ರೆ ನುಂಗುವ ಪ್ರಶ್ನೆಯೂ ಇಲ್ಲ.

ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದ್ದೀರಿ. ಅವರ ಆಯುಷ್ಯಕ್ಕೆ ಸಾಕಾಗುತ್ತದೆ. ಇಡೀ ಶಸ್ತ್ರಚಿಕಿತ್ಸೆಯಲ್ಲಿ ನನಗೆ ಅತಿ ಕಡಿಮೆ ಚಿಂತೆ ಕೊಡುವ ವಸ್ತು ಎಂದರೆ ಆ ಬಟ್ಟೆಯೇ. ಅದು ಸವೆದುಹೋಯಿತು ಎಂದು ಬದಲಿಸುವ ಪ್ರಸಂಗ ಬಲು ಅಪರೂಪ. ನಾವು ಕಣ್ಣಿಡುವುದು ಹೊಲಿಗೆಯ ಅಂಚಿನ ಮೇಲೆ, ಉಳಿದ ಮಹಾಪಧಮನಿಯ ಮೇಲೆ ಮತ್ತು ಸೋಂಕಿನ ಮೇಲೆ. ಸೋಂಕು ವಿರಳ, ಆದರೆ ಬಂದರೆ ಬಹಳ ಕಷ್ಟ. ಅದಕ್ಕೇ ಶಸ್ತ್ರಚಿಕಿತ್ಸೆಗೆ ಮೊದಲೇ ಹಲ್ಲಿನ ವೈದ್ಯರಿಗೆ ತೋರಿಸಿ, ಹುಳುಕು ಹಲ್ಲು ಇದ್ದರೆ ಸರಿಪಡಿಸಿಕೊಂಡು ಬನ್ನಿ ಎನ್ನುವುದು. ಕೃತಕ ಕವಾಟವನ್ನೂ ಹಾಕಿದ್ದರೆ ಮುಂದೆ ಹಲ್ಲು ಕೀಳಿಸುವ ಮೊದಲು ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಕು.

ಈ ಬಟ್ಟೆ ಎದೆಯೊಳಗೆ ಬಂದ ಕತೆಯೂ ತಂದೆಯವರಿಗೆ ಹಿಡಿಸೀತು. 1940ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಆರ್ಥರ್ ವೂರ್ಹೀಸ್ ಎಂಬ ಯುವ ಶಸ್ತ್ರಚಿಕಿತ್ಸಕ, ನಾಯಿಯ ಹೃದಯದೊಳಗೆ ಉಳಿದುಹೋಗಿದ್ದ ರೇಷ್ಮೆ ಎಳೆಯೊಂದರ ಮೇಲೆ ನುಣುಪಾದ ಪದರ ಬೆಳೆದಿದ್ದನ್ನು ಕಂಡರು. ಹಾಗಿದ್ದರೆ ಬಟ್ಟೆಯಿಂದಲೇ ನಾಳ ಮಾಡಬಹುದಲ್ಲ ಎಂಬ ಯೋಚನೆ ಅಲ್ಲಿಂದ ಹುಟ್ಟಿತು. ಕೆಲ ವರ್ಷಗಳ ನಂತರ ಹ್ಯೂಸ್ಟನ್ನಿನಲ್ಲಿ ಮೈಕೆಲ್ ಡಿಬೇಕಿ ಎಂಬ ಶಸ್ತ್ರಚಿಕಿತ್ಸಕರು ನೈಲಾನ್ ಬಟ್ಟೆ ಕೊಳ್ಳಲು ಅಂಗಡಿಗೆ ಹೋದರು. ನೈಲಾನ್ ಮುಗಿದಿತ್ತು, ಡೆಕ್ರಾನ್ ಎಂಬ ಹೊಸ ಬಟ್ಟೆ ಇತ್ತು. ಅದನ್ನೇ ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದರು. ಹೊಲಿಗೆ ಅವರಿಗೆ ಚಿಕ್ಕಂದಿನಲ್ಲೇ ತಾಯಿ ಕಲಿಸಿದ್ದ ವಿದ್ಯೆ. 1956ರಲ್ಲಿ ಅವರೂ ಅವರ ಸಹೋದ್ಯೋಗಿ ಡೆಂಟನ್ ಕೂಲಿಯೂ ಹೃದಯ-ಶ್ವಾಸಕೋಶ ಯಂತ್ರದ ಸಹಾಯದಿಂದ, ನಿಮ್ಮ ತಂದೆಯವರಿಗೆ ಉಬ್ಬು ಇರುವ ಇದೇ ಭಾಗವನ್ನು ತೆಗೆದು ಬದಲಿಸಿದರು. ಐವತ್ತು ವರ್ಷದ ನಂತರ, 97ನೆಯ ವಯಸ್ಸಿನಲ್ಲಿ, ಡಿಬೇಕಿಯವರ ಸ್ವಂತ ಮಹಾಪಧಮನಿಯೇ ಸೀಳಿತು. ಅವರೂ ಮೊದಲು ಶಸ್ತ್ರಚಿಕಿತ್ಸೆ ಬೇಡ ಎಂದರು. 2006ರ ಫೆಬ್ರವರಿಯಲ್ಲಿ, ಪ್ರಜ್ಞೆ ತಪ್ಪುವ ಸ್ಥಿತಿಗೆ ತಲುಪಿದಾಗ, ಅವರ ಶಿಷ್ಯರೇ ಡೆಕ್ರಾನ್ ಕೊಳವೆ ಹೊಲಿದರು. ಅವರು ಚೇತರಿಸಿಕೊಂಡು 2008ರ ಜುಲೈವರೆಗೆ, ನೂರು ತುಂಬಲು ಎರಡು ತಿಂಗಳು ಇರುವವರೆಗೆ ಬದುಕಿದರು.

ಒಳಗೆ ನಡೆಯುವುದೇನು? ಎದೆಯ ನಡುಮೂಳೆಯನ್ನು ಉದ್ದಕ್ಕೆ ಬಿಡಿಸಿ, ರಕ್ತ ಸಂಚಾರವನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ಒಪ್ಪಿಸುತ್ತೇವೆ. ಹೃದಯವನ್ನು ಪೊಟ್ಯಾಸಿಯಂ ಇರುವ ತಣ್ಣನೆಯ ದ್ರಾವಣದಿಂದ ನಿಲ್ಲಿಸುತ್ತೇವೆ. ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆಯುತ್ತೇವೆ. ಉಬ್ಬು ಮಹಾಪಧಮನಿ ಬಾಗಿ ತಿರುಗುವ ಮೇಲಿನ ಕಮಾನಿನವರೆಗೂ ಹಬ್ಬಿದ್ದರೆ ದೇಹವನ್ನು 24–28 ಡಿಗ್ರಿಗೆ ತಣಿಸಿ, ಮಿದುಳಿಗೆ ಮಾತ್ರ ಬೇರೆ ದಾರಿಯಿಂದ ರಕ್ತ ಕೊಡುತ್ತಾ, ಉಳಿದ ದೇಹದ ರಕ್ತ ಸಂಚಾರವನ್ನು ಕೆಲ ನಿಮಿಷ ಪೂರ್ತಿ ನಿಲ್ಲಿಸಬೇಕಾಗುತ್ತದೆ. ಆಗ ಥಿಯೇಟರಿನಲ್ಲಿ ಗಡಿಯಾರ ನೋಡಿ ನಿಮಿಷ ಕೂಗುವ ದನಿಯೊಂದನ್ನು ಬಿಟ್ಟರೆ ಬೇರೆ ಮಾತಿರುವುದಿಲ್ಲ. ಕೂದಲಿಗಿಂತ ತುಸು ದಪ್ಪದ ನೀಲಿ ಪಾಲಿಪ್ರೊಪಿಲಿನ್ ದಾರದಿಂದ, ಎರಡು ತುದಿಗಳಲ್ಲಿ ಸುತ್ತಲೂ ಹೊಲಿಗೆ. ರೋಗಿಯ ನಾಳ ಮೆತ್ತಗಾಗಿದ್ದರೆ ಹೊಲಿಗೆ ಹರಿಯದಂತೆ ಫೆಲ್ಟ್ ಪಟ್ಟಿಯ ಆಸರೆ ಕೊಡುತ್ತೇವೆ. ಕೊನೆಗೆ, ರಕ್ತ ತಡೆಯಲು ನಾಳಕ್ಕೆ ಹಾಕಿದ್ದ ಹಿಡಿಕೆ ಬಿಡಿಸಿದಾಗ ಆ ಬಿಳಿ ಬಟ್ಟೆ ಒಮ್ಮೆಲೇ ಬಿಗಿಯಾಗಿ ನಿಂತು, ನಿರಿಗೆಗಳ ಮೇಲೆ ಕೆಂಪು ಛಾಯೆ ಹರಡಿ, ಸೂಜಿ ಚುಚ್ಚಿದ ತೂತುಗಳಲ್ಲಿ ಸಾಸಿವೆಯಷ್ಟು ರಕ್ತದ ಹನಿಗಳು ಮೂಡುತ್ತವೆ. ಒಂದೊಂದೇ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಹೃದಯ ಮಿಡಿಯತೊಡಗುತ್ತದೆ, ಬಟ್ಟೆಯೂ ಅದರ ಜೊತೆ ಮಿಡಿಯುತ್ತದೆ. ಎಷ್ಟು ಸಲ ನೋಡಿದರೂ ಆ ಗಳಿಗೆಯಲ್ಲಿ ನನ್ನ ಉಸಿರು ಹಿಡಿದೇ ಇರುತ್ತದೆ.

ಕವಾಟ ಸೋರುತ್ತಿದೆ ಎಂದು ಬರೆದಿದ್ದೀರಿ. ಇಲ್ಲಿಯೇ ನೀವು ನಿಮ್ಮ ಶಸ್ತ್ರಚಿಕಿತ್ಸಕರನ್ನು ಸರಿಯಾಗಿ ಕೇಳಬೇಕು. ಉಬ್ಬು ಮಹಾಪಧಮನಿಯ ಬುಡದಲ್ಲೂ ಇದೆಯೇ, ಕವಾಟದ ದಳಗಳು ಹೇಗಿವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬುಡ ಚೆನ್ನಾಗಿದ್ದರೆ ಬರೀ ಕೊಳವೆ ಸಾಕು. ಬುಡವೂ ಹಿಗ್ಗಿ, ದಳಗಳೂ ಕೆಟ್ಟಿದ್ದರೆ ಒಂದು ತುದಿಯಲ್ಲಿ ಕವಾಟ ಕೂರಿಸಿದ ಕೊಳವೆಯನ್ನೇ ಇಟ್ಟು, ಹೃದಯಕ್ಕೆ ರಕ್ತ ಕೊಡುವ ಎರಡು ಕೊರೊನರಿ ನಾಳಗಳ ಬಾಯನ್ನು ಗುಂಡಿಯಂತೆ ಕತ್ತರಿಸಿ ಕೊಳವೆಯ ಪಕ್ಕಕ್ಕೆ ಹೊಲಿಯುತ್ತೇವೆ. ಲಂಡನ್ನಿನ ಹ್ಯೂ ಬೆಂಟಾಲ್ 1968ರಲ್ಲಿ ಪ್ರಕಟಿಸಿದ ವಿಧಾನದಿಂದ ಬೆಳೆದದ್ದು ಇದು, ಇಂದಿಗೂ ಅವರ ಹೆಸರಿನಲ್ಲೇ ಕರೆಯುತ್ತೇವೆ. ದಳಗಳು ಚೆನ್ನಾಗಿದ್ದು, ಬುಡ ಹಿಗ್ಗಿದ್ದರಿಂದ ಮಾತ್ರ ಸೋರುತ್ತಿದ್ದರೆ ರೋಗಿಯ ಸ್ವಂತ ಕವಾಟವನ್ನು ಉಳಿಸಿಕೊಂಡು ಅದರ ಸುತ್ತ ಕೊಳವೆ ಹೊಲಿಯಬಹುದು. ಟೊರೊಂಟೊದ ಟಿರೋನ್ ಡೇವಿಡ್ ತೋರಿಸಿದ ದಾರಿ. ಕೈಚಳಕ ಬೇಡುವ ಕೆಲಸ, ಎಲ್ಲರೂ ಮಾಡುವುದಿಲ್ಲ.

ಕವಾಟ ಬದಲಿಸಲೇಬೇಕಾದರೆ ಲೋಹದ್ದೋ ಪ್ರಾಣಿಯ ಅಂಗಾಂಶದ್ದೋ ಎಂಬ ಪ್ರಶ್ನೆ ಬರುತ್ತದೆ. ಲೋಹದ್ದು ಸವೆಯುವುದಿಲ್ಲ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್ ಅಥವಾ ಅಂಥದೇ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಅಂಗಾಂಶದ್ದು 10–15 ವರ್ಷಕ್ಕೆ ಸವೆಯಬಹುದು, ಆದರೆ ಆ ಮಾತ್ರೆಯ ಕಟ್ಟುಪಾಡು ಇಲ್ಲ. 63ರಲ್ಲಿ, ಊರಿಗೆ ಹೋಗಿಬರುವ ಆಸೆಯುಳ್ಳವರಿಗೆ, ನಾನಾದರೆ ಅಂಗಾಂಶದ ಕವಾಟವನ್ನೇ ಸೂಚಿಸುತ್ತೇನೆ. ಲೋಹದ್ದನ್ನೇ ಹಾಕಿದರೆ, ಸೊಪ್ಪು ಆ ಮಾತ್ರೆಯ ಕೆಲಸಕ್ಕೆ ಅಡ್ಡಬರುತ್ತದೆ, ಬಸಳೆ, ಹರಿವೆ, ನುಗ್ಗೆಸೊಪ್ಪು ಬಿಡಬೇಕು ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಒಂದು ವಾರ ದಿನವೂ ಸೊಪ್ಪು, ಮುಂದಿನ ವಾರ ಒಂದೆಸಳೂ ಇಲ್ಲ ಎಂದಾಗಬಾರದು, ಅಷ್ಟೇ. ಬರೀ ಕೊಳವೆ ಹಾಕಿದವರಿಗೆ ವಾರ್ಫರಿನ್ ಬೇಕಿಲ್ಲ.

ನಿಮ್ಮ ಭಾವನವರ ಪ್ರಶ್ನೆ ಒಳ್ಳೆಯದೇ. ಕಾಲಿನ ನಾಳದಿಂದ ತೂರಿಸುವ, ಬಟ್ಟೆ ಹೊದಿಸಿದ ಸ್ಟೆಂಟ್ ಇದೆ. 1990ರ ದಶಕದಿಂದ ಅದು ಎದೆಯ ಹಿಂಭಾಗದಲ್ಲಿ ಇಳಿಯುವ ಮಹಾಪಧಮನಿಯ ಚಿಕಿತ್ಸೆಯನ್ನೇ ಬದಲಿಸಿಬಿಟ್ಟಿದೆ. ಅಲ್ಲಿ ಈಗ ಅದೇ ಮೊದಲ ಆಯ್ಕೆ, ಏಕೆಂದರೆ ಆ ಭಾಗದ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಬೆನ್ನುಹುರಿಗೆ ರಕ್ತ ತಪ್ಪಿ ಕಾಲುಗಳು ಸೋಲುವ ಭಯ ಹೆಚ್ಚು. ಆದರೆ ತಂದೆಯವರ ಉಬ್ಬು ಇರುವುದು ಏರುವ ಭಾಗದಲ್ಲಿ. ಸ್ಟೆಂಟ್ ಕಚ್ಚಿಕೊಂಡು ಕೂರಲು ಎರಡೂ ತುದಿಯಲ್ಲಿ ಆರೋಗ್ಯವಂತ ನಾಳದ ಜಾಗ ಬೇಕು. ಇಲ್ಲಿ ಕೆಳಗೆ ಕವಾಟವೂ ಕೊರೊನರಿ ನಾಳಗಳ ಬಾಯಿಯೂ ಇವೆ, ಮೇಲೆ ಮಿದುಳಿಗೆ ಹೋಗುವ ನಾಳಗಳಿವೆ. ಯಾವುದನ್ನು ಮುಚ್ಚಿದರೂ ಅನಾಹುತ. ಅವರಿಗೆ ತೆರೆದ ಶಸ್ತ್ರಚಿಕಿತ್ಸೆಯೇ ಸರಿ.

ಊರಿನ ಕಡೆಗೆ ಒಯ್ಯಬೇಕೇ? ಕರಾವಳಿಯಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಈ ಸ್ಥಿತಿಯಲ್ಲಿ ಪ್ರಯಾಣ ಏಕೆ? ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪ್ರಫುಲ್ಲ ಕುಮಾರ್ ಸೇನ್ ಭಾರತದ ಮೊದಲ ಹೃದಯ ಕಸಿ ಮಾಡಿದ್ದು 1968ರ ಫೆಬ್ರವರಿಯಲ್ಲಿ. ಈ ನಗರದಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ಬೇರು ಅಷ್ಟು ಹಳೆಯದು. ಮುಂಬಯಿಯಲ್ಲೇ ಮಾಡಿಸಿ. ಆದರೆ ಬೈಪಾಸ್ ಚೆನ್ನಾಗಿ ಮಾಡುವವರೆಲ್ಲ ಮಹಾಪಧಮನಿಯನ್ನೂ ಪದೇ ಪದೇ ಮಾಡುತ್ತಾರೆ ಎಂದಲ್ಲ. "ಇಂಥವನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ, ಕಮಾನಿನ ಕೆಲಸ ಬಂದರೆ ಮಿದುಳನ್ನು ಹೇಗೆ ಕಾಪಾಡುತ್ತೀರಿ" ಎಂದು ನೇರವಾಗಿ ಕೇಳಿ. ಒಳ್ಳೆಯ ಶಸ್ತ್ರಚಿಕಿತ್ಸಕರಿಗೆ ಆ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.

ಖರ್ಚು ದೊಡ್ಡದು, ಏಕೆಂದರೆ ಕೊಳವೆ, ಕವಾಟ, ಯಂತ್ರದ ಸಾಮಗ್ರಿ ಎಲ್ಲವೂ ದುಬಾರಿ. ಪ್ಯಾಕೇಜ್ ಎಂದಾಗ ಅದರಲ್ಲಿ ಗ್ರಾಫ್ಟ್ (ಅಂದರೆ ಬಟ್ಟೆಯ ಕೊಳವೆ) ಮತ್ತು ಕವಾಟದ ಬೆಲೆ ಸೇರಿದೆಯೇ ಎಂದು ಬರೆಸಿಕೊಳ್ಳಿ. ನಿಮ್ಮಲ್ಲಿ ಮಹಾರಾಷ್ಟ್ರದ ರೇಷನ್ ಕಾರ್ಡ್ ಇದ್ದರೆ ಸರ್ಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಬಗ್ಗೆ, ಆಸ್ಪತ್ರೆಯಲ್ಲಿ ಆ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ವಿಚಾರಿಸಿ. ಇನ್ನೊಂದು ಸಂಗತಿ ನಮ್ಮವರಲ್ಲಿ ಹಲವರಿಗೆ ಗೊತ್ತಿಲ್ಲ. ಈ ರಾಜ್ಯದಲ್ಲಿ ಟ್ರಸ್ಟ್ ನಡೆಸುವ ದೊಡ್ಡ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನು ಶೇ. 10ರಷ್ಟನ್ನು ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಕೊಡಬೇಕೆಂಬ ನಿಯಮವಿದೆ. ಆದಾಯದ ದಾಖಲೆ ಹಿಡಿದು ಅಲ್ಲಿನ ಸಮಾಜಸೇವಾ ವಿಭಾಗಕ್ಕೆ ಹೋಗಿ ಕೇಳುವುದರಲ್ಲಿ ಸಂಕೋಚ ಬೇಡ. ರಕ್ತದಾನಿಗಳು ಬೇಕಾಗುತ್ತಾರೆ, ತಂದೆಯವರ ಹಳೆಯ ಹೋಟೆಲಿಗೆ ಒಂದು ಮಾತು ಮುಟ್ಟಿಸಿ. ಹೋಟೆಲಿನ ಹುಡುಗರು ಬೆಳಗಿನ ಪಾಳಿ ಮುಗಿಸಿ, ತಿಂಡಿಯ ಪೊಟ್ಟಣ ಹಿಡಿದುಕೊಂಡು, ರಕ್ತನಿಧಿಯ ಮುಂದೆ ಸಾಲಾಗಿ ನಿಲ್ಲುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ನೀವು ಕೇಳದ ಒಂದು ವಿಷಯ. ಈ ಉಬ್ಬು ಕೆಲವು ಮನೆತನಗಳಲ್ಲಿ ಹರಿದುಬರುತ್ತದೆ. ನೀವೂ ನಿಮ್ಮ ಒಡಹುಟ್ಟಿದವರೂ, ತಂದೆಯ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಒಂದೊಂದು ಎಕೋ ಮಾಡಿಸಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ, ಅಥವಾ ತಂದೆಯವರಿಗೆ ಹುಟ್ಟಿನಿಂದಲೇ ಮೂರು ದಳದ ಬದಲು ಎರಡು ದಳದ ಕವಾಟ ಇದ್ದರೆ ಇದನ್ನು ಮುಂದೂಡಲೇಬೇಡಿ.

ಈಗ ಕೋಲದ ಮಾತು. ನವೆಂಬರ್ ಕೊನೆಗೆ ಶಸ್ತ್ರಚಿಕಿತ್ಸೆಯಾದರೆ ಎರಡು ಮೂರು ದಿನ ಐ.ಸಿ.ಯು., ಒಟ್ಟು ಎಂಟು ಹತ್ತು ದಿನ ಆಸ್ಪತ್ರೆ. ಎದೆಮೂಳೆ ಕೂಡಲು ಎಂಟರಿಂದ ಹನ್ನೆರಡು ವಾರ. ಏನೂ ತೊಡಕಿಲ್ಲದೆ ನಡೆದರೆ ಫೆಬ್ರವರಿ ಎರಡನೆಯ ವಾರಕ್ಕೆ ಅವರು ರೈಲಿನಲ್ಲಿ ಊರಿಗೆ ಹೋಗಿ, ಕುರ್ಚಿಯಲ್ಲಿ ಕೂತು ಕೋಲ ನೋಡಬಹುದು; ಭಾರ ಹೊರುವುದು, ಇಡೀ ರಾತ್ರಿ ನಿಂತಿರುವುದು ಬೇಡ. ಈಗಿನ ಸ್ಥಿತಿಯಲ್ಲಿ ಹೋದರೆ? ಮಧ್ಯಾಹ್ನ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದವರಿಗೆ ರಾತ್ರಿಯಿಡೀ ಸುರಂಗ, ಸೇತುವೆ, ಸಣ್ಣ ನಿಲ್ದಾಣಗಳೇ. ಆ ಹೊತ್ತಿನಲ್ಲಿ ಬೆನ್ನಿಗೆ ನೋವು ಬಂದರೆ ಎಲ್ಲಿ ಇಳಿಸುತ್ತೀರಿ? ಈ ಒಂದು ಪ್ರಶ್ನೆಯನ್ನು ತಂದೆಯವರ ಮುಂದೆಯೇ ಇಡಿ.

ಅಲ್ಲಿಯವರೆಗೆ ಬೆಳಗ್ಗೆ ಸಂಜೆ ಬಿ.ಪಿ. ನೋಡಿ ಪುಸ್ತಕದಲ್ಲಿ ಬರೆಯಿರಿ. ಮೇಲಿನ ಅಂಕಿ 130ರ ಕೆಳಗಿರಬೇಕು. ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಗ್ಯಾಸ್ ಸಿಲಿಂಡರ್, ನೀರು ತುಂಬಿದ ಕೊಡ ಎತ್ತಬಾರದು, ಮಲವಿಸರ್ಜನೆಗೆ ಮುಕ್ಕಬಾರದು. ಕೆಮ್ಮಿಗೆ, ಮೂತ್ರದ ಸೋಂಕಿಗೆ ಆ್ಯಂಟಿಬಯಾಟಿಕ್ ಬರೆಯುವ ವೈದ್ಯರಿಗೆ ಈ ಉಬ್ಬಿನ ಸಂಗತಿ ತಿಳಿಸಿ: ಸಿಪ್ರೊಫ್ಲೊಕ್ಸಾಸಿನ್, ಲಿವೊಫ್ಲೊಕ್ಸಾಸಿನ್ ಗುಂಪಿನ ಔಷಧಗಳು ಇಂಥವರಿಗೆ ಅಪಾಯ ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ಎದೆಗೆ ಅಥವಾ ಬೆನ್ನಿಗೆ ಹಠಾತ್ ನೋವು, ಕಣ್ಣು ಕತ್ತಲೆ, ಒಂದು ಕೈ ಅಥವಾ ಕಾಲು ಸೋತಂತಾದರೆ ಓಣಿಯ ದವಾಖಾನೆಗೆ ಹೋಗಬೇಡಿ. 108ಕ್ಕೆ ಕರೆ ಮಾಡಿ, ರಾತ್ರಿಯಲ್ಲೂ ಹೃದಯ ಶಸ್ತ್ರಚಿಕಿತ್ಸೆ ನಡೆಯುವ ಆಸ್ಪತ್ರೆಗೇ ಒಯ್ಯಿರಿ. ಡೊಂಬಿವಿಲಿಗೆ ಹತ್ತಿರದಲ್ಲಿ ಅಂಥದು ಯಾವುದು ಎಂದು ನಾಳೆಯೇ ವಿಚಾರಿಸಿ ಬರೆದಿಟ್ಟುಕೊಳ್ಳಿ. "ಮಹಾಪಧಮನಿಯ ಉಬ್ಬಿದೆ" ಎಂದು ಬಾಗಿಲಲ್ಲೇ ಹೇಳಿ.

ಮತ್ತೆ, ಮುಂದಿನ ಭೇಟಿಗೆ ತಂದೆಯವರನ್ನು ಬಿಟ್ಟು ನೀವೊಬ್ಬರೇ ಹೋಗಬೇಡಿ. ಶಸ್ತ್ರಚಿಕಿತ್ಸಕರ ಬಳಿ ಆ ಕೊಳವೆಯ ಒಂದು ತುಣುಕು ಇದ್ದೀತು. ಕೇಳಿ, ತಂದೆಯವರ ಕೈಗೆ ಕೊಡಿಸಿ, ಅವರು ಎಷ್ಟು ಹೊತ್ತು ಬೇಕಾದರೂ ಎಳೆದು, ಉಜ್ಜಿ, ಬೆಳಕಿಗೆ ಹಿಡಿದು ನೋಡಲಿ.